ನೆಲದಾಳದ ಸದ್ದು, ಅಟ್ಟದ ಮೇಲಿನ ಭಾರ

ಹಿರಿಯರಿಂದ ಬಂದ ನಮ್ಮ ಹೆಂಚಿನ ಮನೆಯಲ್ಲಿ ಬಹಳ ವರ್ಷಗಳ ಹಿಂದೆ ಒಂದು ರಾತ್ರಿ ನಡೆದ ಸಂಗತಿಯಿಂದ ಈ ತಿಂಗಳ ಮಾತನ್ನು ಆರಂಭಿಸುತ್ತೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಅಟ್ಟವೆಂದರೆ ಏನೆಂಬುದನ್ನು ಓದುಗ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಕೆಡವಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆಯೇ ಇದ್ದು, ಒಳಗಿನ ನೀರೆಲ್ಲ ಇಂಗಿ, ಉಂಡೆ ಕೊಬ್ಬರಿಯಾಗಿ ಇಳಿಯಬೇಕು. ಅಲ್ಲಿಯವರೆಗೆ ಸಾವಿರಾರು ಕಾಯಿಗಳು ನಮ್ಮ ತಲೆಯ ಮೇಲೆಯೇ ಮಲಗಿರುತ್ತವೆ. ಆ ರಾತ್ರಿ ಸುಮಾರು ಎರಡು ಗಂಟೆಯ ಹೊತ್ತಿಗೆ ಗುಡುಗಿದಂತೆ ಸದ್ದಾಯಿತು, ನೆಲ ಅದುರಿತು, ಮನೆಯೆಲ್ಲ ಧೂಳು ತುಂಬಿಕೊಂಡಿತು. ನಮ್ಮ ಅಜ್ಜಿಯವರು “ಭೂಮಿ ನಡುಗಿತು, ಎಲ್ಲರೂ ಹೊರಕ್ಕೆ ಬನ್ನಿ” ಎಂದು ಕೂಗಿಕೊಂಡರು. ಎಲ್ಲರೂ ಅಂಗಳಕ್ಕೆ ಓಡಿದೆವು. ಲಾಂದ್ರ ಹಿಡಿದು ಒಳಹೊಕ್ಕು ನೋಡಿದಾಗ ಗೆದ್ದಲು ತಿಂದಿದ್ದ ಒಂದು ತೊಲೆ ಮುರಿದು, ಅಟ್ಟದ ಕಾಯಿಗಳು ನಡುಮನೆಗೆ ಉರುಳಿದ್ದವು. ನಿತ್ಯ ಅಲ್ಲಿಯೇ ಮಲಗುತ್ತಿದ್ದ ಮಕ್ಕಳು ಅಂದು ಜಾತ್ರೆಗೆಂದು ನೆಂಟರ ಊರಿಗೆ ಹೋಗಿದ್ದರು.

ಬೆಳಿಗ್ಗೆ ಅಕ್ಕಪಕ್ಕದವರು ಬಂದು ನೋಡಿ, ಅಜ್ಜಿಯವರ ಭೂಕಂಪವನ್ನು ಆಡಿಕೊಂಡು ನಕ್ಕರು. ಊರಿನ ಶಾಲೆಯ ಉಪಾಧ್ಯಾಯರೊಬ್ಬರು ಮಾತ್ರ ನಗದೆ, “ಅದುರಿದ್ದು ಅಟ್ಟವೋ ಭೂಮಿಯೋ ಎಂಬುದನ್ನು ಕತ್ತಲೆಯಲ್ಲಿ ಕುಳಿತವರು ತಿಳಿಯುವುದು ಹೇಗೆ?” ಎಂದು ಕೇಳಿದರು. ಆ ಪ್ರಶ್ನೆ ನಮ್ಮಲ್ಲಿ ಉಳಿದುಬಿಟ್ಟಿತು. ಭೂಗರ್ಭ ವಿಜ್ಞಾನಿಗಳ ಪಾಡೂ ಕತ್ತಲೆಯಲ್ಲಿ ಕುಳಿತವರ ಪಾಡೇ ಅಲ್ಲವೆ? ಕಣ್ಣಿಗೆ ಕಾಣದ ಆಳದಲ್ಲಿ, ನೂರಾರು ಕಿಲೋಮೀಟರ್ ದೂರದಲ್ಲಿ ಬಂಡೆಯೊಂದು ಸೀಳಿದರೆ, ಅದು ಇಂತಹ ಊರಿನ ಕೆಳಗೆ, ಇಷ್ಟು ಆಳದಲ್ಲಿ, ಇಷ್ಟು ಗಂಟೆಗೆ ಎಂದು ಅವರು ಹೇಳಿಬಿಡುತ್ತಾರೆ. ಅದು ಹೇಗೆ?

ಮಳೆಗಾಲದ ಸಂಜೆ ಮಿಂಚನ್ನು ಕಂಡ ಕೂಡಲೆ ಮಕ್ಕಳು ಒಂದು, ಎರಡು, ಮೂರು ಎಂದು ಎಣಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಗುಡುಗು ತಡವಾಗಿ ಕೇಳಿದಷ್ಟೂ ಸಿಡಿಲು ದೂರ. ಬೆಳಕು ಮೊದಲು ಬರುತ್ತದೆ, ಶಬ್ದ ನಿಧಾನವಾಗಿ ಬರುತ್ತದೆ. ಇವೆರಡರ ನಡುವಣ ಅಂತರವೇ ದೂರವನ್ನು ಹೇಳುತ್ತದೆ. ಭೂಕಂಪದ ದೂರವನ್ನು ಅಳೆಯುವ ವಿಧಾನದ ಮೂಲತತ್ತ್ವವೂ ಇದೇ.

ಬಂಡೆ ಸೀಳಿದಾಗ ಅಲ್ಲಿಂದ ಎರಡು ಬಗೆಯ ತರಂಗಗಳು ನೆಲದೊಳಗೆ ಹರಡುತ್ತವೆ. ಮೊದಲನೆಯದು ಪ್ರಾಥಮಿಕ ತರಂಗ. ಇದು ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ನಮ್ಮ ನಾಡಿನಂತಹ ಗಟ್ಟಿ ಕಲ್ಲಿನಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಎರಡನೆಯದು ದ್ವಿತೀಯಕ ತರಂಗ. ಹಗ್ಗವೊಂದರ ತುದಿಯನ್ನು ಒದರಿದರೆ ಅಲೆ ಹೇಗೆ ಹರಿಯುವುದೋ ಹಾಗೆ ಇದು ಬಂಡೆಯನ್ನು ಅಡ್ಡಡ್ಡಲಾಗಿ ಕುಲುಕುತ್ತ ಸಾಗುತ್ತದೆ. ಇದರ ವೇಗ ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ಮೊದಲು ಒಂದು ಸಣ್ಣ ಅದುರು, ಕೆಲವು ಕ್ಷಣಗಳ ನಂತರ ದೊಡ್ಡ ಕುಲುಕು ಎಂದು ಭೂಕಂಪವನ್ನು ಅನುಭವಿಸಿದವರು ಹೇಳುವುದು ಇದೇ ಕಾರಣದಿಂದ.

ಈ ತರಂಗಗಳನ್ನು ಯಂತ್ರದ ಬರಹದಲ್ಲಿ ಬೇರೆಬೇರೆಯಾಗಿ ಗುರುತಿಸಿದ ಕೀರ್ತಿ ನಮ್ಮ ದೇಶದ ಒಂದು ಭೂಕಂಪದೊಡನೆಯೇ ಬೆಸೆದುಕೊಂಡಿದೆ. 1897ರ ಜೂನ್ 12ರಂದು ಅಸ್ಸಾಂ ಸೀಮೆಯಲ್ಲಿ ಮಹಾಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಎಂಬವರು ಅದನ್ನು ಕೂಲಂಕಷವಾಗಿ ಅಭ್ಯಾಸಮಾಡಿದರು. ದೂರದ ದೇಶಗಳ ಯಂತ್ರಗಳು ಬರೆದುಕೊಂಡಿದ್ದ ಗೆರೆಗಳಲ್ಲಿ ಮೊದಲು ಬಂದದ್ದು ಯಾವುದು, ಅನಂತರ ಬಂದದ್ದು ಯಾವುದು ಎಂದು ಅವರು ಬಿಡಿಸಿ ತೋರಿಸಿದರು. 1906ರಲ್ಲಿ ಇಂತಹ ತರಂಗಗಳ ಆಧಾರದಿಂದಲೇ ಭೂಮಿಯ ಒಡಲಿನಲ್ಲಿ ಬೇರೆಯೇ ಗುಣದ ಒಂದು ತಿರುಳು ಇದೆಯೆಂಬುದನ್ನೂ ಅವರು ಮಂಡಿಸಿದರು. ಕಾಯನ್ನು ಒಡೆಯದೆ, ಬೆರಳಿನಿಂದ ತಟ್ಟಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ನೀರಿದೆಯೋ ಕೊಬ್ಬರಿ ಕಳಚಿದೆಯೋ ಎಂದು ಹೇಳುವ ನಮ್ಮ ರೈತರ ಜಾಣ್ಮೆಗೆ ಇದು ಬಹಳ ದೂರದ್ದಲ್ಲ.

ಇನ್ನು ಯಂತ್ರದ ವಿಚಾರ. ನಿಂತ ಬಸ್ಸು ಥಟ್ಟನೆ ಹೊರಟರೆ ಒಳಗಿರುವವರು ಹಿಂದಕ್ಕೆ ಬಾಗುತ್ತಾರೆ. ದೇಹದ ಭಾರ ಇದ್ದಲ್ಲಿಯೇ ಇರಲು ಬಯಸುತ್ತದೆ, ಬಸ್ಸು ಮುಂದೆ ಹೋಗುತ್ತದೆ. ಭೂಕಂಪಮಾಪಕದಲ್ಲಿಯೂ ಒಂದು ಭಾರವನ್ನು ಸ್ಪ್ರಿಂಗಿನಿಂದ ತೂಗುಬಿಟ್ಟಿರುತ್ತಾರೆ. ನೆಲ ಅಲುಗಿದಾಗ ಪೆಟ್ಟಿಗೆ ಅಲುಗುತ್ತದೆ, ಭಾರವು ಹಿಂದುಳಿಯುತ್ತದೆ. ಇವೆರಡರ ನಡುವಣ ಚಲನೆಯನ್ನು ಹಿಂದೆ ಲೇಖನಿ ಸುತ್ತುವ ಕಾಗದದ ಮೇಲೆ ಬರೆಯುತ್ತಿತ್ತು. ಈಗ ವಿದ್ಯುತ್ ಸಂಕೇತವಾಗಿ ಗಣಕಯಂತ್ರಕ್ಕೆ ಹೋಗುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ತಿಪಟೂರಿನಲ್ಲಿ ಇಂತಹ ಯಂತ್ರವೊಂದಿದೆ ಎಂದಿಟ್ಟುಕೊಳ್ಳೋಣ. ಮೊದಲ ತರಂಗ ಬಂದು 10 ಸೆಕೆಂಡುಗಳ ನಂತರ ಎರಡನೆಯದು ಬಂದಿತು. ಅಂತರದ ಪ್ರತಿಯೊಂದು ಸೆಕೆಂಡಿಗೂ ಸರಿಸುಮಾರು 8 ಕಿಲೋಮೀಟರ್ ಎಂದು ಹಿಡಿದರೆ, ಭೂಕಂಪವು 80 ಕಿಲೋಮೀಟರ್ ದೂರದಲ್ಲಿ ಆಗಿದೆ. ದೂರ ತಿಳಿಯಿತು, ದಿಕ್ಕು ತಿಳಿಯಲಿಲ್ಲ. ಗೂಟಕ್ಕೆ 80 ಮಾರು ಹಗ್ಗದಲ್ಲಿ ಕಟ್ಟಿದ ಹಸು ಹಗ್ಗದ ತುದಿಯವರೆಗೆ ಹೋಗಿದೆಯೆಂದು ಗೊತ್ತು, ಆದರೆ ಸುತ್ತಿನಲ್ಲಿ ಎಲ್ಲಿ ನಿಂತಿದೆಯೆಂದು ಗೊತ್ತಿಲ್ಲ. ಅಂತಹ ಸ್ಥಿತಿ ಇದು. ಆದುದರಿಂದ ನಕ್ಷೆಯ ಮೇಲೆ ತಿಪಟೂರನ್ನು ಕೇಂದ್ರವಾಗಿಸಿ ಒಂದು ವೃತ್ತ ಎಳೆಯುತ್ತಾರೆ. ಎರಡನೆಯ ಊರಿನ ಯಂತ್ರದಿಂದ ಇನ್ನೊಂದು ವೃತ್ತ. ಇವು ಎರಡು ಕಡೆ ಕೂಡುತ್ತವೆ. ಮೂರನೆಯ ಊರಿನ ವೃತ್ತ ಆ ಎರಡರಲ್ಲಿ ಒಂದನ್ನು ಆರಿಸಿಕೊಡುತ್ತದೆ. ನೆಲದ ಮೇಲಿನ ಈ ಬಿಂದುವೇ ಅಧಿಕೇಂದ್ರ. ಅದರ ನೇರ ಕೆಳಗೆ, ಬಂಡೆ ನಿಜವಾಗಿ ಸೀಳಿದ ಸ್ಥಳವೇ ನಾಭಿ. ನಾಭಿಯ ಆಳವನ್ನು ಸರಿಯಾಗಿ ಹೇಳಬೇಕಾದರೆ ಹತ್ತಿರದಲ್ಲಿ ಇನ್ನಷ್ಟು ಯಂತ್ರಗಳು ಇರಬೇಕು. ಈಗ ಗಣಕಯಂತ್ರಗಳು ಹತ್ತಾರು ಕೇಂದ್ರಗಳ ವೇಳೆಗಳನ್ನು ಒಟ್ಟಿಗೆ ಹೊಂದಿಸಿ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತವೆ; ಆದರೆ ಮೂಲತತ್ತ್ವ ಇದೇ.

ದಿಕ್ಕನ್ನು ಹೇಳುವ ಮತ್ತೊಂದು ಉಪಾಯ ನಮ್ಮ ರಾಜ್ಯದಲ್ಲಿಯೇ ಇದೆ. ತಿಪಟೂರಿನಿಂದ ನೇರ ಗೆರೆಯಲ್ಲಿ ಸುಮಾರು 120 ಕಿಲೋಮೀಟರ್ ಪೂರ್ವಕ್ಕಿರುವ ಗೌರಿಬಿದನೂರಿನ ಬಳಿ 1960ರ ದಶಕದ ಮಧ್ಯದಲ್ಲಿ ಭಾರತದ ಅಣುಶಕ್ತಿ ಇಲಾಖೆಯು ಬ್ರಿಟನ್ನಿನ ಸಹಕಾರದಿಂದ ಭೂಕಂಪಮಾಪಕಗಳ ಒಂದು ವ್ಯೂಹವನ್ನು ಸ್ಥಾಪಿಸಿತು. ಇಲ್ಲಿ 20 ಮಾಪಕಗಳನ್ನು ಬಡಗಿಯ ಮೂಲೆಮಟ್ಟದ ಆಕಾರದ ಎರಡು ತೋಳುಗಳಲ್ಲಿ, ಹಲವು ಕಿಲೋಮೀಟರುಗಳ ಉದ್ದಕ್ಕೆ ಇರಿಸಲಾಯಿತು. ಪಡುವಣ ಗಾಳಿ ಬೀಸಿದರೆ ತೋಟದ ಪಶ್ಚಿಮದ ಅಂಚಿನ ಮರಗಳ ಸೋಗೆ ಮೊದಲು ಅಲುಗುತ್ತದೆ, ಪೂರ್ವದ ಅಂಚಿನವು ಕೊನೆಗೆ ಅಲುಗುತ್ತವೆ. ಹಾಗೆಯೇ ತರಂಗವು ವ್ಯೂಹದ ಯಾವ ಮಾಪಕವನ್ನು ಮೊದಲು ಮುಟ್ಟಿತು, ಯಾವುದನ್ನು ಕೊನೆಗೆ ಮುಟ್ಟಿತು ಎಂಬುದರಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಈ ವ್ಯೂಹದ ಮುಖ್ಯ ಉದ್ದೇಶ ದೂರದ ದೇಶಗಳು ನೆಲದಡಿಯಲ್ಲಿ ನಡೆಸುವ ಅಣುಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸುವುದಾಗಿತ್ತು. ಸ್ಫೋಟವು ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ದೂಡುತ್ತದೆ. ಭೂಕಂಪದಲ್ಲಿ ಬಂಡೆಯ ಎರಡು ಹೋಳುಗಳು ಒಂದಕ್ಕೊಂದು ಉಜ್ಜಿ ಜಾರುವುದರಿಂದ ಕೆಲವು ದಿಕ್ಕಿಗೆ ದೂಡುವಿಕೆ, ಕೆಲವು ದಿಕ್ಕಿಗೆ ಎಳೆತ ಇರುತ್ತದೆ. ಯಂತ್ರದ ಗೆರೆ ಈ ಭೇದವನ್ನು ಹೇಳುತ್ತದೆ.

ಅದುರಿದ್ದೆಲ್ಲ ಭೂಕಂಪವಲ್ಲ ಎಂಬುದಕ್ಕೆ ಇತ್ತೀಚಿನ ಉದಾಹರಣೆಯೊಂದುಂಟು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರಿ ಸದ್ದೊಂದು ಕೇಳಿ, ಕಿಟಕಿಬಾಗಿಲುಗಳು ಅದುರಿ, ಜನ ಬೀದಿಗೆ ಬಂದರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ತಮ್ಮ ಮಾಪಕಗಳ ಗೆರೆಗಳನ್ನು ನೋಡಿ, ಇದು ಭೂಕಂಪವಲ್ಲವೆಂದು ತಿಳಿಸಿದರು. ಶಬ್ದಕ್ಕಿಂತ ವೇಗವಾಗಿ ಹಾರಿದ ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟದಿಂದ ಆ ಸದ್ದು ಉಂಟಾಯಿತೆಂದು ಅನಂತರ ರಕ್ಷಣಾ ಇಲಾಖೆಯೇ ಹೇಳಿತು. ನಮ್ಮ ಅಜ್ಜಿಯವರೊಬ್ಬರೇ ಮೋಸಹೋದವರಲ್ಲ!

ಭೂಕಂಪ ಎಲ್ಲಿ ಆಯಿತು ಎಂದು ಹೇಳಲು ಕಲಿತದ್ದರಿಂದಲೇ ಅದು ಅಲ್ಲಿಯೇ ಏಕೆ ಆಯಿತು ಎಂಬುದೂ ತಿಳಿದುಬಂದಿತು. 1960ರ ದಶಕದಲ್ಲಿ ಜಗತ್ತಿನಾದ್ಯಂತ ಮಾಪಕಗಳ ಜಾಲ ಹರಡಿದ ಮೇಲೆ ಸಾವಿರಾರು ಅಧಿಕೇಂದ್ರಗಳನ್ನು ಒಂದೇ ನಕ್ಷೆಯ ಮೇಲೆ ಚುಕ್ಕೆಗಳಾಗಿ ಇಟ್ಟು ನೋಡಿದರು. ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಪೆಸಿಫಿಕ್ ಸಾಗರದ ಸುತ್ತ, ಸಾಗರಗಳ ನಡುವೆ, ಹಿಮಾಲಯದ ಉದ್ದಕ್ಕೆ ಅವು ಸಾಲುಗಟ್ಟಿ ನಿಂತಿದ್ದವು. ಭೂಮಿಯ ಹೊರಚಿಪ್ಪು ಅಖಂಡವಲ್ಲ, ಅದು ಹಲವು ಫಲಕಗಳಾಗಿ ಒಡೆದಿದೆ, ಆ ಫಲಕಗಳು ನಿಧಾನವಾಗಿ ಚಲಿಸುತ್ತಿವೆ, ಚುಕ್ಕೆಗಳ ಸಾಲೇ ಅವುಗಳ ಅಂಚು ಎಂಬ ಸಿದ್ಧಾಂತ ಹೀಗೆ ಗಟ್ಟಿಯಾಯಿತು.

ಭಾರತವನ್ನು ಹೊತ್ತ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. ನಮ್ಮ ಬೆರಳಿನ ಉಗುರು ಬೆಳೆಯುವ ವೇಗವೂ ಹೆಚ್ಚುಕಡಿಮೆ ಇಷ್ಟೇ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದು ಏಷ್ಯಾ ಖಂಡಕ್ಕೆ ತಾಗಿತು. ಆ ಒತ್ತಡದಿಂದ ಹಿಮಾಲಯ ಮೇಲೆದ್ದಿತು. ಒತ್ತಡ ಇನ್ನೂ ನಿಂತಿಲ್ಲ. ತೆಂಗಿನ ಸೋಗೆಯ ಒಣಕಡ್ಡಿಯನ್ನು ಎರಡು ಕೈಗಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಅದು ಬಹಳ ಹೊತ್ತು ಬಾಗುತ್ತಲೇ ಇರುತ್ತದೆ. ತಾಳಲಾರದಾದಾಗ ಥಟ್ಟನೆ ಮುರಿದು ಕೈಗೆ ಅದುರು ತಟ್ಟುತ್ತದೆ. ಬಂಡೆಯೂ ಹೀಗೆಯೇ ನೂರಾರು ವರ್ಷ ಬಾಗಿ, ಒಂದು ಕ್ಷಣದಲ್ಲಿ ಸೀಳುತ್ತದೆ. 1934ರ ಬಿಹಾರ, 1950ರ ಅಸ್ಸಾಂ, 2015ರ ನೇಪಾಳದ ಭೂಕಂಪಗಳೆಲ್ಲವೂ ಈ ಅಂಚಿನವೇ.

ಇಲ್ಲಿಯವರೆಗೆ ಓದಿದವರು, “ಹಾಗಾದರೆ ಅಂಚು ಹಿಮಾಲಯದಲ್ಲಿದೆ, ನಾವು ಫಲಕದ ಒಡಲಿನಲ್ಲಿದ್ದೇವೆ, ನಮಗೇಕೆ ಚಿಂತೆ?” ಎಂದು ಕೇಳಬಹುದು. 1993ರವರೆಗೆ ಬಹಳ ಜನ ಹಾಗೆಯೇ ನಂಬಿದ್ದರು.

1993ರ ಸೆಪ್ಟೆಂಬರ್ 29ರಂದು ಅನಂತನ ಚತುರ್ದಶಿ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳ ಜನ ಗಣಪತಿಯನ್ನು ವಿಸರ್ಜಿಸಿ, ತಡರಾತ್ರಿ ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ 6.2 ಪರಿಮಾಣದ ಭೂಕಂಪವಾಯಿತು. ಸುಮಾರು 10 ಸಾವಿರ ಜನ ಸತ್ತರು. ನಮ್ಮ ಬಸವಕಲ್ಯಾಣದಿಂದ ಕಿಲ್ಲಾರಿಗೆ ನೇರ ಗೆರೆ ಎಳೆದರೆ 50 ಕಿಲೋಮೀಟರೂ ಇಲ್ಲ. ಗಡಿಯ ಆಚೆ ಈಚೆ ಕೊಡುಕೊಳ್ಳುವ ಸಂಬಂಧವಿರುವ ಮನೆತನಗಳು ಎಷ್ಟೋ ಇವೆ; ಅವರಿಗೆ ಅದು ಬೇರೆ ರಾಜ್ಯದ ಸುದ್ದಿಯಾಗಿರಲಿಲ್ಲ. ತಿಪಟೂರು ಸೀಮೆ ಅಲ್ಲಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ತರಂಗದ ವೇಗವನ್ನು ಲೆಕ್ಕಹಾಕಿದರೆ, ಬಂಡೆ ಸೀಳಿದ ಒಂದೂಕಾಲು ನಿಮಿಷದ ಹೊತ್ತಿಗೆ ಮೊದಲ ತರಂಗವು ಮಲಗಿದ್ದ ನಮ್ಮೆಲ್ಲರ ಕೆಳಗೆ ಹಾದುಹೋಗಿರಬೇಕು. ನಮಗದು ತಿಳಿಯಲಿಲ್ಲ. ಮಾಪಕಗಳಿಗೆ ಮಾತ್ರ ತಿಳಿಯಿತು.

ಫಲಕದ ಅಂಚಿನಿಂದ ಅಷ್ಟು ದೂರದಲ್ಲಿ ಭೂಕಂಪವಾದದ್ದೇಕೆ? ಹಿಮಾಲಯದಲ್ಲಿ ತಡೆಯುಂಟಾದ ತಳ್ಳಿಕೆಯ ಒತ್ತಡ ಫಲಕದ ಒಡಲಿಗೂ ಹರಡುತ್ತದೆ. ತುಂಬಿದ ಮೂಟೆಯನ್ನು ಒಂದು ಕಡೆ ಅದುಮಿದರೆ ಹೊಲಿಗೆ ದುರ್ಬಲವಾಗಿರುವ ಇನ್ನೊಂದು ಕಡೆ ಬಿರಿಯುವುದಿಲ್ಲವೆ? ಕೋಟ್ಯಂತರ ವರ್ಷಗಳ ಹಿಂದೆ ಉಂಟಾಗಿ ಹೆಪ್ಪುಗಟ್ಟಿದ ಹಳೆಯ ಸ್ತರಭಂಗಗಳೇ ಇಂತಹ ದುರ್ಬಲ ಹೊಲಿಗೆಗಳು. ಕಿಲ್ಲಾರಿಯಲ್ಲಿ ಅವು ಮುನ್ನೂರು ಮೀಟರಿಗೂ ದಪ್ಪನಾದ ಕರಿಕಲ್ಲಿನ ಹೊದಿಕೆಯ ಕೆಳಗೆ ಅಡಗಿದ್ದವು. ನಾಭಿಯ ಆಳ 10 ಕಿಲೋಮೀಟರಿಗಿಂತ ಕಡಿಮೆಯಿದ್ದುದರಿಂದ ಪೆಟ್ಟು ನೇರವಾಗಿ ಮನೆಗಳಿಗೆ ತಟ್ಟಿತು. 1992ರಲ್ಲಿಯೇ ಅಲ್ಲಿ ಸಣ್ಣ ನಡುಕಗಳು ಪದೇಪದೇ ಕಾಣಿಸಿಕೊಂಡಿದ್ದವು. ಆದರೆ ದೇಶದ ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದುದು ಅತ್ಯಂತ ನಿರಪಾಯವೆಂದು ಎಣಿಸಿದ್ದ ಒಂದನೆಯ ವಲಯದಲ್ಲಿ! 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿದಾಗ ಆ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಭಾರತದಲ್ಲಿ ಏನೂ ಆಗದ ನೆಲವೆಂಬುದಿಲ್ಲ ಎಂದು ಒಪ್ಪಿಕೊಂಡಂತಾಯಿತು. ಆ ನಕ್ಷೆಯಲ್ಲಿ ನಮ್ಮ ತುಮಕೂರು ಜಿಲ್ಲೆ ಇದ್ದುದು ಉಳಿದವುಗಳಲ್ಲಿ ಕನಿಷ್ಠವಾದ ಎರಡನೆಯ ವಲಯದಲ್ಲಿ.

ನೀರಿಗೂ ಇದರಲ್ಲಿ ಪಾತ್ರವುಂಟು. ಕೊಯ್ನಾ ಜಲಾಶಯದಲ್ಲಿ 1962ರಿಂದ ನೀರು ನಿಲ್ಲಿಸತೊಡಗಿದ ಮೇಲೆ ಅಲ್ಲಿ ಸಣ್ಣ ಕಂಪನಗಳು ಆರಂಭವಾಗಿ, 1967ರ ಡಿಸೆಂಬರ್ 11ರಂದು 6.3 ಪರಿಮಾಣದ ಭೂಕಂಪವಾಯಿತು. ಸುಮಾರು 180 ಜನ ಪ್ರಾಣ ಕಳೆದುಕೊಂಡರು. ಮೊದಲೇ ಬಿಗಿದು ನಿಂತಿದ್ದ ಬಂಡೆಯ ಬಿರುಕುಗಳಿಗೆ ನೀರಿನ ಒತ್ತಡ ಸೇರಿ ಅವು ಜಾರಿದವು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನಡುಕಗಳಾಗಿ ಜನ ಮನೆಯಲ್ಲಿ ಮಲಗಲು ಅಂಜಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ, 2022ರ ಜೂನ್ ಕೊನೆಯಲ್ಲಿ ಕೊಡಗು ಮತ್ತು ಸುಳ್ಯದ ಕಡೆ ಸಣ್ಣ ಕಂಪನಗಳಾದವು. ಅತಿವೃಷ್ಟಿಯ ನೀರು ಬಿರುಕುಗಳಿಗೆ ಇಳಿದಾಗ ಇಂತಹ ಸಣ್ಣ ನಡುಕಗಳು ಆಗುವುದುಂಟೆಂದು ವಿಜ್ಞಾನಿಗಳು ಹೇಳುತ್ತಾರೆ.

ನಮ್ಮ ಸೀಮೆಯ ನೆಲವನ್ನು ನೋಡೋಣ. ತೋಟಗಳ ಕೆಂಪುಮಣ್ಣಿನ ಕೆಳಗಿರುವುದು 300 ಕೋಟಿ ವರ್ಷಗಳಷ್ಟು ಪುರಾತನವಾದ ಶಿಲೆ. ಜಗತ್ತಿನ ಅತಿ ಹಳೆಯ ನೆಲಗಳಲ್ಲಿ ಒಂದು. ಗದಗಿನ ಕಡೆಯಿಂದ ಚಿತ್ರದುರ್ಗದ ಮೇಲೆ ದಕ್ಷಿಣಕ್ಕೆ ಹರಿದು ಬರುವ ಶಿಲಾಪಟ್ಟಿಯೊಂದು ಚಿಕ್ಕನಾಯಕನಹಳ್ಳಿಯ ಗುಡ್ಡಗಳಾಗಿ ನಿಂತಿದೆ; ಅಲ್ಲಿಯ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಆ ಪಟ್ಟಿಯದೇ. ಅದರ ಪೂರ್ವದ ಅಂಚಿನಲ್ಲಿ ಎಂದೋ ಬಂಡೆಗಳು ಉಜ್ಜಾಡಿದ ಪುರಾತನ ಗಾಯದ ಗುರುತು ಇದೆ. ಅದು ನಾಳೆ ಬಿರಿಯುವುದೆಂದು ಯಾರೂ ಹೇಳುತ್ತಿಲ್ಲ; ಅಂಜಿಸುವುದು ನಮ್ಮ ಉದ್ದೇಶವೂ ಅಲ್ಲ. ಹಳೆಯ ನೆಲವು ಬಹಳ ಶಾಂತವಾದ ನೆಲ. ಆದರೆ ಶಾಂತವೆಂಬುದಕ್ಕೂ ನಿರಪಾಯವೆಂಬುದಕ್ಕೂ ವ್ಯತ್ಯಾಸವುಂಟು ಎಂಬುದನ್ನು ಕಿಲ್ಲಾರಿ ಕಲಿಸಿತು.

ಇಂತಹ ದಿನ, ಇಂತಹ ವೇಳೆಗೆ ಭೂಕಂಪವಾಗುವುದೆಂದು ಆಗಾಗ ಸುದ್ದಿ ಹಬ್ಬುತ್ತದೆ. ಗ್ರಹಗತಿಯನ್ನು ಹೇಳಿ ಹೆದರಿಸುವವರೂ ಇದ್ದಾರೆ. ಬಂಧುಗಳು ಇದನ್ನು ನಂಬಬಾರದು. ಭೂಕಂಪ ಎಲ್ಲಿ ಆಯಿತೆಂದು ಕೆಲವೇ ನಿಮಿಷಗಳಲ್ಲಿ ಹೇಳಬಲ್ಲ ವಿಜ್ಞಾನವು ಅದು ಯಾವ ದಿನ ಆಗುವುದೆಂದು ಮುಂದಾಗಿ ಹೇಳಲಾರದು. ಜಗತ್ತಿನ ಯಾವ ದೇಶದಲ್ಲಿಯೂ ಹಾಗೆ ಹೇಳಬಲ್ಲವರಿಲ್ಲ. ಹೇಳಬಲ್ಲದ್ದು ಒಂದೇ: ಬಂದರೆ ಯಾವ ಮನೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ನೆಲವಲ್ಲ, ಮನೆ. ಮಣ್ಣಿನಲ್ಲಿ ಕಟ್ಟಿದ ಗುಂಡುಕಲ್ಲಿನ ದಪ್ಪ ಗೋಡೆ, ಬಿಸಿಲು ತಡೆಯಲೆಂದು ವರ್ಷವರ್ಷ ಹೇರುತ್ತ ಬಂದ ಮಾಳಿಗೆಯ ಮಣ್ಣು. ಗೋಡೆಯ ಒಳಮೈ ಹೊರಮೈ ಬೇರೆಯಾಗಿ ಕಳಚಿದವು. ಮೇಲಿನ ಭಾರ ಮಲಗಿದವರ ಮೇಲೆ ಬಂದಿತು. ಆ ವರ್ಣನೆಯನ್ನು ಓದಿದ ದಿನ ನಮಗೆ ನೆನಪಾದದ್ದು ನಮ್ಮ ಅಟ್ಟ. ಮಣ್ಣಿನ ಬದಲು ಕಾಯಿ, ಅಷ್ಟೇ ವ್ಯತ್ಯಾಸ.

ಆದುದರಿಂದ ನಮ್ಮ ಬಿನ್ನಹವಿಷ್ಟು. ಅಟ್ಟದ ತೊಲೆಗಳನ್ನು ವರ್ಷಕ್ಕೊಮ್ಮೆಯಾದರೂ ಚಾಣದ ತುದಿಯಿಂದ ಚುಚ್ಚಿ ನೋಡಿ. ಗೆದ್ದಲು ಹಿಡಿದ ತೊಲೆ ಭೂಕಂಪಕ್ಕಾಗಿ ಕಾಯುವುದಿಲ್ಲ. ಸಾಧ್ಯವಿದ್ದವರು ಕಾಯಿಗೆ ಬೇರೆ ಕೊಟ್ಟಿಗೆ ಮಾಡಿಕೊಳ್ಳಿ. ಇಲ್ಲವಾದರೆ ಅಟ್ಟದ ಕೆಳಗೆ ಮಕ್ಕಳನ್ನೂ ವೃದ್ಧರನ್ನೂ ಮಲಗಿಸಬೇಡಿ. ಕಲ್ಲಿನ ಗೋಡೆ ಕಟ್ಟಿಸುವವರು ಗೋಡೆಯ ದಪ್ಪಕ್ಕೂ ಚಾಚುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡಿಸಿ. ಹೊಸ ಮನೆಯಲ್ಲಿ ಬಾಗಿಲು ಕಿಟಕಿಗಳ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತಿ ಬರುವಂತೆ ಕಬ್ಬಿಣ ಸೇರಿದ ಕಾಂಕ್ರೀಟಿನ ಪಟ್ಟಿ ಹಾಕಿಸಿ. ಪೆಟ್ಟಿಗೆಗೆ ಕಟ್ಟಿದ ಹಗ್ಗದಂತೆ ಅದು ಗೋಡೆಗಳನ್ನು ಬಿಗಿದು ಹಿಡಿಯುತ್ತದೆ. ನೆಲ ನಡುಗಿದಾಗ ಒಳಗಿದ್ದವರು ಗಟ್ಟಿಯಾದ ಮೇಜಿನ ಕೆಳಗೆ ತಲೆಯನ್ನು ಕಾಪಾಡಿಕೊಳ್ಳಬೇಕು. ಹೊರಗಿದ್ದವರು ಗೋಡೆ, ವಿದ್ಯುತ್ ಕಂಬಗಳಿಂದ ದೂರ ಸರಿಯಬೇಕು. ತೆಂಗಿನಮರದ ಕೆಳಗಂತೂ ನಿಲ್ಲಬಾರದು. ನಡುಕ ನಿಂತ ಮೇಲೆ ವೇಳೆಯನ್ನೂ, ಏನೇನು ಅಲುಗಿತೆಂಬುದನ್ನೂ ಬರೆದಿಟ್ಟು ತಾಲೂಕು ಕಚೇರಿಗೆ ತಿಳಿಸುವುದು ಒಳ್ಳೆಯದು. ಯಂತ್ರವಿಲ್ಲದ ಊರಿನಲ್ಲಿ ಮನುಷ್ಯನ ನೆನಪೂ ವಿಜ್ಞಾನಿಗೆ ಉಪಯೋಗಕ್ಕೆ ಬರುತ್ತದೆ.

ನಮ್ಮ ಅಜ್ಜಿಯವರು ಈಗಿಲ್ಲ. ಮುರಿದ ತೊಲೆಯನ್ನು ಬದಲಿಸಿದ ವರ್ಷವೇ ಅವರು ಹಟಹಿಡಿದು ಹಿತ್ತಿಲಿನಲ್ಲಿ ಕಾಯಿಗೆಂದೇ ಬೇರೆ ಅಟ್ಟ ಕಟ್ಟಿಸಿದರು. ಖರ್ಚು ಹೆಚ್ಚಾಯಿತೆಂದು ಮನೆಯಲ್ಲಿ ಗೊಣಗಿದವರಲ್ಲಿ ನಾವೂ ಸೇರಿದ್ದೆವು. ನಡುಮನೆಯ ಮೇಲೆ ಈಗ ಬರಿಯ ಹೆಂಚು ಇದೆ. ಅದರ ಕೆಳಗೆ ಮೊಮ್ಮಕ್ಕಳು ಮಲಗುತ್ತಾರೆ.